ಕಾಲಿಗೆ ಬುದ್ಧಿ

ಅಕ್ಟೋಬರಿನಲ್ಲಿ, ಯುವಾಸ್ಕುಲದಲ್ಲಿ,
ಇನ್ನೂರ ಹನ್ನೆರಡು ಸೊಂಟಗಳಿಗೆ
ಬೆಂಕಿಪೊಟ್ಟಣದಷ್ಟು ಒಂದೊಂದು ಯಂತ್ರ ಕಟ್ಟಿದೆವು.
ಹೆಜ್ಜೆ ಎಣಿಸುವುದು ಬಿಟ್ಟರೆ ಅದಕ್ಕೆ ಬೇರೆ ಚಿಂತೆಯಿಲ್ಲ.
ಮೊದಲ ಗುಂಪಿಗೆ ನಡೆದಷ್ಟೂ ದುಡ್ಡು.
ಎರಡನೆಯದಕ್ಕೆ ಬೆಳಗ್ಗೆ ಏಳಕ್ಕೆ
ಮೊಬೈಲಿನಲ್ಲೊಂದು ಹುರುಪಿನ ಮಾತು.
ಮೂರನೆಯದಕ್ಕೆ ಏನೂ ಇಲ್ಲ,
"ಎಂದಿನಂತೆ ಇರಿ" ಎಂದು ಕಳಿಸಿದೆವು.

ಎನ್ಸಿಯೊ ಕೆರ್ಕೆಲ ಮೂರನೆಯ ಗುಂಪು.
ಕಾಗದದ ಗಿರಣಿ ಮುಚ್ಚಿ ಒಂಬತ್ತು ವರ್ಷ,
ಆಮೇಲೆ ಕುರ್ಚಿ, ಕಿಟಕಿ, ರೇಡಿಯೊ,
ರಕ್ತದಲ್ಲಿ ಸಕ್ಕರೆ.
ನಡೆಯುವ ಮನಸ್ಸೆಷ್ಟು, ಒಂದರಿಂದ ಏಳರೊಳಗೆ ಹೇಳಿ, ಎಂದೆ.
ಹೊರಗೆ ಸರೋವರ ಅಂಚಿನಿಂದ ಹೆಪ್ಪುಗಟ್ಟುತ್ತಿತ್ತು.
ಅದನ್ನೇ ನೋಡುತ್ತ "ಎರಡು" ಅಂದರು.
ಸ್ವಲ್ಪ ತಡೆದು,
"ನಿಮಗೆ ಬೇಜಾರಾಗುವುದಾದರೆ, ಮೂರು."

ವಾರಕ್ಕೊಂದು ಹಾಳೆ.
ಈ ವಾರ ಏಕೆ ನಡೆದಿರಿ? ಗುರುತು ಹಾಕಿ:
ವೈದ್ಯರು ಹೇಳಿದ್ದಕ್ಕೆ,
ನಡೆಯದಿದ್ದರೆ ನಾಚಿಕೆ ಎಂದು,
ನನ್ನ ಒಳಿತಿಗೆ,
ನಡೆಯುವುದೇ ಖುಷಿ ಎಂದು.
ಈ ಕೊನೆಯ ಉತ್ತರದ ಬೆನ್ನು ಹತ್ತಿ
ನಮ್ಮ ಪ್ರೊಫೆಸರು ಮೂವತ್ತು ವರ್ಷ ಅಲೆದಿದ್ದಾರೆ,
ಕುರ್ಚಿ ಬಿಟ್ಟು ಏಳದೆ.

ಹಾಳೆ ಮರಳಿಸಲು ಅಂಚೆಚೀಟಿ ಹಚ್ಚಿದ ಲಕೋಟೆ
ಎಲ್ಲರಿಗೂ ಇಪ್ಪತ್ತಾರು ಕೊಟ್ಟಿದ್ದೆವು.
ಎನ್ಸಿಯೊ ಅವನ್ನು ಕಪಾಟಿನಲ್ಲಿಟ್ಟು,
ಮಂಗಳವಾರ ಹನ್ನೊಂದಕ್ಕೆ, ಹಾಳೆ ಎದೆಜೇಬಿನಲ್ಲಿ ಮಡಚಿ,
ದಂಡೆ ಬಳಸಿ ನಾಲ್ಕು ಕಿಲೋಮೀಟರು
ತಾವೇ ಬಂದರು.
"ಅಂಚೆಗೆ ಎರಡು ದಿನ ಹಿಡಿಯುತ್ತದೆ,"
ಬೂಟಿನ ಹಿಮ ಕೊಡವುತ್ತ ಅಂದರು.
ಹಾಳೆ ಬಿಚ್ಚಿದೆ. "ಈ ವಾರ ನಡೆಯಲಿಲ್ಲ."

ಜನವರಿಗೆ ಎರಡನೆಯ ಗುಂಪಿನ ಮೂವತ್ತೊಂದು ಮಂದಿ
ಕಾಲಿಗೆ ಬುದ್ಧಿ ಹೇಳಿದ್ದರು.
ನಾವು ಹೇಳಹೊರಟದ್ದೂ ಅದನ್ನೇ ತಾನೆ,
ಅವರ ಕಾಲು ನಮ್ಮಿಂದ ದೂರ ಓಡಿತು, ಅಷ್ಟೆ.
ದುಡ್ಡಿನ ಗುಂಪಿನ ಸೊಯ್ಲಿ, ಮೊಮ್ಮಗನ ಉಯ್ಯಾಲೆಗೆ ಯಂತ್ರ ಕಟ್ಟಿ
ಒಂದೇ ಮಧ್ಯಾಹ್ನ ಹನ್ನೊಂದು ಸಾವಿರ ಹೆಜ್ಜೆ ಗಳಿಸಿದರು.
ದುಡ್ಡು ನಿಂತ ವಾರ
ಉಯ್ಯಾಲೆಯೂ ನಿಂತಿತು.

ಸರೋವರ ಗಟ್ಟಿಯಾದ ಮೇಲೆ ಒಂದು ಸಲ
ಎನ್ಸಿಯೊ ನಡು ಮಂಜುಗಡ್ಡೆಯ ಮೇಲೇ ನೇರ ದಾಟಿ ಬಂದರು.
ಹತ್ತೂವರೆಗೇ ಬಾಗಿಲಲ್ಲಿ, ಮುಖ ಸಪ್ಪಗೆ:
"ಬೇಗ ತಲುಪಿಬಿಟ್ಟೆ."
ಹೋಗುವಾಗ ದಂಡೆಯ ದಾರಿ ಹಿಡಿದರು.

ಅಂಕಿ ನೋಡಿ ತಾರ್ಯ ತಲೆ ಚಚ್ಚಿಕೊಂಡಳು.
"ಎಂದಿನಂತೆ ಇರಬೇಕಾದ ಮನುಷ್ಯ
ಎಂದಿನಂತೆ ಇಲ್ಲ!
ಲಕೋಟೆಯಲ್ಲಿ ಹಾಕಿ ಕಳಿಸಲಿಕ್ಕೆ ಹೇಳು."
ಹೇಳುತ್ತೇನೆ ಎಂದೆ. ನಾಳೆ, ನಾಳೆ, ಎಂದೆ.
ನಾಳೆ ಎಂದವರ ಮನೆ ಹಾಳು ಅಂತಾರೆ,
ನನ್ನದು ಹಾಳಾಗಲಿಲ್ಲ.
ಮಂಗಳವಾರ ಹತ್ತು ಮುಕ್ಕಾಲಿಗೆ
ಕಾಫಿಗೆ ನೀರಿಡುವ ಅಭ್ಯಾಸ ನನಗೆ ಹತ್ತಿತ್ತು,
ಮೂರು ಮಹಡಿ ಇಳಿದು ಬಾಗಿಲು ತೆಗೆಯುವುದೂ.
ನನ್ನ ಸೊಂಟಕ್ಕೆ ಯಂತ್ರವಿರಲಿಲ್ಲ.

ಏಪ್ರಿಲಿನಲ್ಲಿ ಮಂಜುಗಡ್ಡೆ ಸದ್ದು ಮಾಡಿ ಒಡೆಯಿತು.
ವರದಿ ಬರೆದೆವು:
ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ.
ಎನ್ಸಿಯೊ ಒಂದು ಅಡಿಟಿಪ್ಪಣಿಯಾದರು.
ಕೊನೆಯ ಹಾಳೆಯಲ್ಲಿ ನಾಲ್ಕೂ ಉತ್ತರ ಖಾಲಿ,
ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು:
"ಹಾಳೆ ಕೊಡಬೇಕಿತ್ತಲ್ಲ."
ಯಂತ್ರ ಬಿಚ್ಚಿ ಮೇಜಿನ ಮೇಲಿಟ್ಟರು.
ಕೈಕುಲುಕಿದೆವು, ಮುಗಿಯಿತು.

ಮುಂದಿನ ಮಂಗಳವಾರ, ಹನ್ನೊಂದಕ್ಕೆ, ಕರೆಗಂಟೆ.
ನೀರು ಆಗಲೇ ಕುದಿಯುತ್ತಿತ್ತು,
ಏಕೆ ಇಟ್ಟಿದ್ದೆನೋ.
ಎದೆಜೇಬಿನಿಂದ ತೆಗೆದು ಕೊಟ್ಟರು,
ಬಳಸದ ಒಂದು ಲಕೋಟೆ, ಚೀಟಿ ಸಮೇತ.
"ನಿಮ್ಮ ಸ್ವತ್ತು. ಮನೆಯಲ್ಲಿ ಇನ್ನೂ ಇಪ್ಪತ್ತೈದಿವೆ."

"ಎಲ್ಲ ಒಟ್ಟಿಗೇ ತರಬಹುದಿತ್ತಲ್ಲ?" ಎಂದೆ.

ಬೂಟಿನ ಕೆಸರು ಒರೆಸಿಕೊಂಡರು,
ನನ್ನ ಮುಖ ನೋಡಲಿಲ್ಲ.
"ಭಾರ," ಅಂದರು.