ಉದ್ದಕ್ಕೆ

ಕಾಲುವೆ ಬಂದ್ ಆಗುವ ಮುಂಚೆ
ತಗಡಿನ ದೋಣಿ ಮುಧೋಳದ ಡಿಪೋ ಸೇರಬೇಕು.
ಲಾರಿಗೆ ಬಿಲ್ ಮಂಜೂರಿಲ್ಲ, ನೀರಿನ ಮ್ಯಾಲೇ ಒಯ್ಯಿರಿ
ಅಂದರು ಸಾಹೇಬರು, ಚಹಾದ ಬಟ್ಟಲು ಕೆಳಗಿಡದೆ.

ಹೊರಟೆವು:
ಗೇಜು ಓದುವ ನಾನು, ಹುಟ್ಟು ಹಿಡಿಯಲು ಕರೆಸಿದ
ದ್ಯಾಮಣ್ಣ ಅಂಬಿಗೇರ.
ಕೃಷ್ಣೆಯ ಕಡವಿನಲ್ಲಿ ಮೂವತ್ತು ವರ್ಷ ಮಂದಿಯ ದಾಟಿಸಿದವ,
ಸೇತುವೆಯಾದ ಮೇಲೆ ಬಾಳೆಹಣ್ಣು ಮಾರುವವ.

ಕೂತದ್ದೇ ತಡ, ದೋಣಿಯ ಮೂತಿ
ಎದುರಿನ ದಂಡೆಗೆ ತಿರುಗಿತು.
"ಅಡ್ಡ ಅಲ್ಲೋ ಕಾಕಾ, ಉದ್ದ."
ನಕ್ಕ. "ಕೈಗೆ ಗೊತ್ತಿಲ್ಲ ತಮ್ಮಾ, ಅದಕ್ಕ ಹೇಳಬೇಕು."

ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ನಮ್ಮ ದಾಟಿ ಹೋಯಿತು,
ಖಾಲಿಯಾಗಿ ಮರಳಿತು, ಮತ್ತೆ ದಾಟಿತು.
ಎಮ್ಮೆಯೊಂದು ದಂಡೆಗುಂಟ ಮೇಯುತ್ತ
ಅರ್ಧ ತಾಸು ಜೊತೆ ಬಂದು
ಬೇಸತ್ತು ಮುಂದೆ ನಡೆಯಿತು.
ಕಬ್ಬು, ಕಬ್ಬು, ಒಂದು ತುಂಡು ಕಡಲೆ, ಮತ್ತೆ ಕಬ್ಬು.
ನನ್ನ ನೋಟಬುಕ್ಕು ಕಂಡವನೊಬ್ಬ
ನೀರು ಕದಿಯುವ ಪೈಪಿನ ಮೇಲೆ ಒದ್ದೆ ಕೌದಿ ಎಳೆದ.

ಸೇತುವೆ ಬಂದಾಗಲೆಲ್ಲ ಮಲಗಬೇಕು,
ಹುಟ್ಟು ಎದೆಯ ಮೇಲಿಟ್ಟು, ಅಂಗಾತ.
ಮೇಲೆ ಟ್ರ್ಯಾಕ್ಟರಿನ ಗುಡುಗು, ಬೆನ್ನಡಿಗೆ ತಂಪು,
ಮೂಗಿಗೆ ಮೊಳದಷ್ಟು ದೂರ ಕಮಾನಿನ ಹೊಟ್ಟೆ.
ದಿನಾ ದಾಟುವವರು ನೋಡದ ಕಡೆ ಅದು:
ಹಕ್ಕಿಯ ಮಣ್ಣಿನ ಗೂಡು, ಸುಣ್ಣದ ಹನಿ,
ಗಾರೆ ಹಸಿಯಿದ್ದಾಗ ಯಾರೋ ಒತ್ತಿದ ಐದು ಬೆರಳು,
ಸಣ್ಣವು.
ದ್ಯಾಮಣ್ಣ ಮಲಗಿದಲ್ಲೇ ಕೈಯೆತ್ತಿ
ಅದರ ಮೇಲೆ ತನ್ನದನ್ನಿಟ್ಟ.
ಕೂಡುವ ಮೊದಲೇ ದೋಣಿ ಸರಿಯಿತು.

ರೊಟ್ಟಿ, ಶೇಂಗಾ ಹಿಂಡಿ ಮುಗಿಸಿ ಕೈ ತೊಳೆಯುತ್ತ ಅಂದ:
"ಹೊಳಿ ಅಂದ್ರ, ಬಿಡೂಕಿಂತ ಮೊದಲ ಆ ದಂಡಿ ಕಾಣತೈತಿ.
ಯಾರು ನಿಂತಾರ, ಎಷ್ಟು ಮಂದಿ,
ಮದಿವಿಯವರೋ, ಮಣ್ಣಿಗೆ ಬಂದವರೋ.
ಇಲ್ಲಿ ಎರಡೂ ದಂಡಿ ಕೈಗೆ ಹತ್ತತಾವು,
ಹೋಗೂ ಜಾಗಾನೇ ಕಾಣವಲ್ದು."
ನಾನು ಗೇಜು ಬರೆದುಕೊಂಡೆ. ಒಂದು ಮೀಟರು ನಲವತ್ತು.

ಇಳಿಹೊತ್ತು. ಪಾವಟಿಗೆಯ ಮೇಲೆ ಒಬ್ಬಾಕೆ,
ಕಂಕುಳಲ್ಲಿ ಆಡಿನ ಮರಿ.
"ಆ ಕಡೆ ಬಿಡತೀರೇನ್ರಿ? ಸೇತುವಿ ಭಾಳ ದೂರ."
ದ್ಯಾಮಣ್ಣ ನನ್ನ ನೋಡಿದ.
ನಾನು ನೋಟಬುಕ್ಕು ನೋಡಿದೆ.
ಮೂರೇ ಹುಟ್ಟು. ಆ ಮೂರರಲ್ಲಿ
ಅವನ ಬೆನ್ನು ನೆಟ್ಟಗಾದದ್ದು ಕಂಡೆ,
ಮರಿ ಕೂಡ ಅರಚಲಿಲ್ಲ.
"ಎಷ್ಟು ಕೊಡಲಿ?"
"ಎಂಟಾಣೆ."
ಅವಳು ಬಿದ್ದು ಬಿದ್ದು ನಕ್ಕಳು,
ದಂಡೆಯ ಹೊಲದಿಂದ ಹಸಿಕಡಲೆಯ ಗಿಡ ಕಿತ್ತು
ಒಂದು ಸೂಡು ಎಸೆದಳು ದೋಣಿಗೆ.

ಡಿಪೋ ಮುಟ್ಟಿದಾಗ ಲೈಟು ಹತ್ತಿದ್ದವು.
ದೋಣಿ ಒಂದು, ಹುಟ್ಟು ಎರಡು, ಸ್ವೀಕರಿಸಿದೆ.
'ತಡಕ್ಕೆ ಕಾರಣ' ಎಂಬಲ್ಲಿ
'ಜೊಂಡು' ಎಂದು ಬರೆದು ಸಹಿ ಹಾಕಿದೆ.

ಹೊರಗೆ, ಬಸ್ಸಿಗೆ ಕಾಯುತ್ತ
ಕಡಲೆ ಸುಲಿಯುತ್ತ ನಿಂತಿದ್ದ ದ್ಯಾಮಣ್ಣ
ರಸ್ತೆಯ ಆಚೆ ಬದಿಯನ್ನೇ ನೋಡುತ್ತಿದ್ದ,
ಅಲ್ಲಿ ಯಾರಾದರೂ ನಿಂತಿದ್ದಾರೇನೋ ಎಂದು.