ನಿಂತ ಮ್ಯಾಲಿನ ನೂಕು

ನವಲೂರ ಸೈಡಿಂಗಿನ್ಯಾಗ ನಂದು ಮೊದಲನೇ ರಾತ್ರಿ ಪಾಳಿ.
ಜಾಕೀಟು ಹೊಸಾದು, ಸೀಟಿ ಹೊಸಾದು,
ಪೇರಲ ತ್ವಾಟದ ಕಡಿಂದ ಹಣ್ಣು ಕೊಳೆತ ವಾಸನಿ.
ಎಣ್ಣಿ ಟ್ಯಾಂಕರಿನ ರೇಕು ಹಿಂದಹಿಂದಕ್ಕ ಸರಕೋತ ಬಂತು,
ಬ್ರೇಕು ಉಸಿರು ಬಿಟ್ಟಿತು, ಗಾಲಿ ನಿಂತವು.
ಪೈಪು ಬಿಚ್ಚಾಕ ನಾ ಬಗ್ಗಿ ನಡುವ ಕಾಲಿಡಬೇಕು,
ದಾವಲಸಾಬರು ಹಿಂದಿನಿಂದ ಕಾಲರು ಹಿಡಿದು ಜಗ್ಗಿದರು.

"ಗಾಡಿ ನಿಂತೈತಿ ತಂಗೀ. ಎಣ್ಣಿ ಇನ್ನೂ ನಿಂತಿಲ್ಲ."

ಆವಾಗ ಕೇಳಿಸಿತು:
ಕಬ್ಬಿಣದ ಹೊಟ್ಟಿಯೊಳಗ ಯಾರೋ ಎದ್ದಂಗಾಗಿ
ಕತ್ತಲದಾಗ ಆ ತುದಿಗೆ ನಡದು ಹೋಗಿ
ಗ್ವಾಡಿಗೆ ಹಣಿ ಬಡದು ಹೊಳ್ಳಿ ಬರೋ ಸಪ್ಪಳ.
ಕೊಂಡಿಯ ಸಡಲೆಲ್ಲಾ ಒಮ್ಮಿಗೇ ಬಿಗಿದು
ಟಕ್.
ನಿಂತ ವ್ಯಾಗನ್ನು ನಾಕು ಬಟ್ಟು ಸರೀತು.
ಅವರ ಎಡಗೈಯಾಗ ಉಳಿದಾವು ಮೂರ.

"ಪೂರಾ ತುಂಬಿದ್ದಕ್ಕ ಅಂಜಬ್ಯಾಡ, ಖಾಲಿದಕ್ಕೂ ಅಂಜಬ್ಯಾಡ.
ಅರ್ಧಾ ಇಳಿಸಿ ಬಂದಿರತಾವಲ್ಲ, ಅವನ್ನ ನಂಬಬ್ಯಾಡ.
ಹಳಿ ಎಡಕ್ಕ ಹೊಳ್ಳಿದರ ಅದು ಬಲಕ್ಕ ವಾಲತೈತಿ,
ಒಳಗಿನ ಗಾಲಿ ಹಗೂರಾಗಿ ಹಳಿ ಮರೀತೈತಿ.
ಡ್ರೈವರ ಬ್ರೇಕು ಹಾಕಿದ್ದು ಅದಕ್ಕ ತಡಾ ಮಾಡಿ ಗೊತ್ತಾಗತೈತಿ."

ತುಂಬಿದ ಕೊಡ ತುಳುಕೂದಿಲ್ಲ ಅಂತ
ಸಾಲಿಯಾಗ ಹತ್ತು ಸಲ ಬರಿಸಿದ್ದರು.
ಅರ್ಧ ಕೊಡದ ಬಗ್ಗೆ ಯಾರೂ ಒಂದು ಸಾಲು ಬರಿಸಲಿಲ್ಲ.

ಬರಿಸದಿದ್ದರೂ ನಮ್ಮವ್ವಗ ಗೊತ್ತಿತ್ತು.
ಎಂಟು ದಿನಕ್ಕೊಮ್ಮೆ ನಳ ಬರೋ ಓಣಿ ನಮ್ಮದು,
ಹುಬ್ಬಳ್ಳಿಯ ಸುಡು ಬ್ಯಾಸಗಿ.
ಕೊಡ ಪೂರಾ ತುಂಬೂಮಟಾ ಸರತಿಯವರು ಬಿಡತಿರಲಿಲ್ಲ.
ಅವ್ವ ಅರ್ಧ ಕೊಡಕ್ಕ ಬೇವಿನ ಟೊಂಗಿ ತೇಲಿಬಿಟ್ಟು
ಹೊತ್ತಗೊಂಡು ನಡೀತಿದ್ದಳು, ಒಂದು ಹನಿ ಚೆಲ್ಲದಂಗ.
ಯಾಕವ್ವಾ ಅಂದರ,
"ನೀರಿನ ಕೈಯಾಗ ಏನರ ಕೊಡಬೇಕವಾ,
ಇಲ್ಲಂದ್ರ ಸುಮ್ಮನ ಕುಂದರೂದಿಲ್ಲ."

ಇದನ್ನ ಹೇಳಿದೆ. ದಾವಲಸಾಬರು ನಕ್ಕರು,
ಮೂರು ಬಟ್ಟಿನಿಂದ ಟ್ಯಾಂಕರಿನ ಮೈ ತಟ್ಟಿದರು,
ಎಮ್ಮಿ ಮೈ ತಟ್ಟಿದಂಗ.
"ಇದರ ಬಾಯಿಗೆ ಸೀಲು ಹಾಕ್ಯಾರ.
ಟೊಂಗಿ ಎಲ್ಲಿಂದ ಹಾಕತಿ?
ಎಣಿಸು. ಇಪ್ಪತ್ತರ ತನಕ. ಅವಸರ ಬ್ಯಾಡ.
ನಾ ಆವತ್ತ ಒಂಬತ್ತಕ್ಕ ಕೈ ಹಾಕಿದ್ದೆ."

ಈಗ ಅವರಿಲ್ಲ, ರಿಟೈರಾಗಿ ಅಣ್ಣಿಗೇರಿಯಾಗ ಮೊಮ್ಮಕ್ಕಳಿಗೆ ಮಗ್ಗಿ ಕಲಸ್ತಾರಂತ.
ಗಾರ್ಡು ವಾಕಿಟಾಕಿಯಾಗ ಒದರತಾನ:
"ಏನ್ ಮಾಡಾಕತ್ತೀ, ಲೇಟಾತು."
ನಾ ಟಾರ್ಚು ಕೊಂಡಿ ಮ್ಯಾಲೆ ಹಿಡದು ನಿಂತೀನಿ.
ಹದಿಮೂರು. ಹದಿನಾಕು. ಹದಿನೈದು.
ಕಪ್ಪಿ ಒದರತಾವು, ದೂರದಾಗ ಹೈವೇ.
ಹದಿನಾರು.

ಟಕ್.

ಸೀಟಿ ಬಾಯಾಗಿಟ್ಟಕೊಂಡ
ಮತ್ತ ಒಂದರಿಂದ ಸುರು ಮಾಡಿದೆ.