ಇಪ್ಪತ್ಮೂರು ಕಿಲೋ

ಇಪ್ಪತ್ಮೂರು ಕಿಲೋ, ಒಂದು ಗ್ರಾಮೂ ಹೆಚ್ಚಿಗಿ ನಡ್ಯಾಂಗಿಲ್ಲಂತ.
ಮಂಗಲಪೇಟದ ಕಿರಾಣಿ ತಕ್ಕಡಿಮ್ಯಾಲ
ಬ್ಯಾಗು ಮಲಗಿಸಿ ತೂಗಿದಿವಿ.
ಶೇಠ ನಕ್ಕ: ‘ಇಷ್ಟು ವರ್ಷ ತೊಗರಿಬ್ಯಾಳಿ ತೂಗೀನಿ,
ದೇಶಾಂತರ ತೂಗಿದ್ದು ಇವತ್ತೇ.’

ಸರಪಳಿ ಪಾನಾ ಒಂದೇ ನಾಲ್ಕೂವರಿ ಕಿಲೋ.
ಪೈಪು ಕಚ್ಚಿ ಹಿಡಿಯೂ ಕ್ಲಾಂಪು, ಎರಡು ಸ್ಪ್ಯಾನರು.
ಗ್ರೀಸಿನ ಡಬ್ಬಿ ವಿಮಾನಕ್ಕ ಆಗೂದಿಲ್ಲ, ತೆಗಿ.
ಮೂರು ಅಂಗಿ, ಒಂದು ಸತ್ಯವೇದ,
ಹೈದರಾಬಾದಿನಾಗ ಚುಚ್ಚಿಸಿಕೊಂಡ ಸೂಜಿಯ ಹಳದಿ ಕಾರ್ಡು.
ರತ್ನಶೀಲಾ ಬಡಿದ ಕಡಕ್ ರೊಟ್ಟಿ ನಲವತ್ತು,
ಶೇಂಗಾ ಹಿಂಡಿ.
‘ಅಲ್ಲಿ ಮಂದಿ ಏನ್ ತಿಂತಾರೋ!’
‘ಜೋಳ ಬೆಳೀತಾರಂತ.’
‘ಹಂಗಾರ ನಮ್ಮವರೇ,’ ಅಂದಳು;
ರೊಟ್ಟಿ ಮಾತ್ರ ಒಂದೂ ಕಡಿಮಿ ಮಾಡಲಿಲ್ಲ.

ಪಾಸ್‌ಪೋರ್ಟಿನ ತಪಾಸಣಿಗಿ ಪೊಲೀಸ ಬಂದಿದ್ದ.
ಯಾವ ದೇಶ? ಯುಗಾಂಡಾ.
ಎಷ್ಟು ದಿನ? ಇಪ್ಪತ್ತೊಂದು.
ಯಾಕ? ಬೋರಿಂಗ್ ರಿಪೇರಿಗಿ.
ಪೆನ್ನು ಎತ್ತಿ ನನ್ನ ಮಾರಿ ನೋಡಿದ:
‘ನಮ್ಮ ಕ್ವಾರ್ಟರ್ಸಿನ ಬೋರಿಂಗ್ ಕೆಟ್ಟು ತಿಂಗಳಾತು.’
ಅವತ್ತು ಸಂಜಿಗೇ ಹೋಗಿ ಕೂಡಿಸಿ ಬಂದೆ.
ಲಂಚ ಅನಬ್ಯಾಡ್ರಿ. ನೀರು ಅದು.

ಎರಡು ಶನಿವಾರ ತರಬೇತಿ.
ನಾಕು ಕಾಲೇಜು ಹುಡುಗರು, ಒಬ್ಬಾಕಿ ನರ್ಸು, ನಾನು.
ಕೂಸುಗಳಿಗೆ ಚಾಕಲೇಟು ಹಂಚಬ್ಯಾಡ್ರಿ,
ಕೇಳದ ಫೋಟೋ ಹೊಡೀಬ್ಯಾಡ್ರಿ,
ಉದ್ಧಾರ ಮಾಡಾಕ ಬಂದೀವಿ ಅನ್ನೂ ಮಾರಿ ಇಟ್ಕೋಬ್ಯಾಡ್ರಿ.
ಹುಡುಗರು ಬರಕೊಂಡರು.
ಅಂಥಾ ಮಾರಿ ಹೆಂಗಿರತದ, ನನಗ ಗೊತ್ತು;
ಅದರ ಮುಂದ ನಿಂತವರ ಮೊಮ್ಮಗ ನಾನು.

ಮುತ್ಯಾ ತಿಪ್ಪಣ್ಣ ತೊಗಲು ಹದ ಮಾಡಾವ.
ಊರ ಬಾವಿಗಿ ಎತ್ತು ಜಗ್ಗೂ ಮೊಟ್ಟೆ ಹೊಲಿದವ ಅವನೇ.
ಮೊಟ್ಟೆ ಬಾವಿಗಿ ಇಳೀತಿತ್ತು,
ಹೊಲಿದ ಕೈ ಕಟ್ಟಿ ಮುಟ್ಟೂ ಹಂಗಿರಲಿಲ್ಲ.
ದೂರ ನಿಂತು ಬೊಗಸಿ ಒಡ್ಡಬೇಕು,
ಯಾರರ ಎತ್ತಿ ಹೊಯ್ದರ ಉಂಟು.
ಮುಂದ ಒಬ್ಬ ಬಿಳಿ ಪಾದ್ರಿ ಬಂಡಿ ಕಟ್ಟಿಕೊಂಡು ಬಂದ,
ತಿಪ್ಪಣ್ಣ ತಿಮೊಥಿ ಆದ.
ನಮ್ಮಪ್ಪ ಹೇಳ್ತಿದ್ದ:
ದೀಕ್ಷಾಸ್ನಾನದ ದಿನ ಮುತ್ಯಾ ಅತ್ತದ್ದು ಪಾಪ ನೆನಸಿ ಅಲ್ಲ,
ಒಬ್ಬರು ಹತ್ರ ಬಂದು, ಕೈಯಾರೆ
ತಲಿಮ್ಯಾಲ ನೀರು ಹಾಕಿದರಲ್ಲ, ಅದಕ್ಕ.

ಅವನ ರಂಪಿಗಿ ಇನ್ನೂ ಮನ್ಯಾಗ ಅದ.
ಪಂಪಿನ ಹೊಟ್ಟ್ಯಾಗಿನ ಕಪ್ ವಾಶರು ಈಗ ರಬ್ಬರಿಂದು;
ರಬ್ಬರು ಸಿಗದ ಊರಾಗ ತೊಗಲೇ ಗತಿ.
ಹನ್ನೆರಡು ಕತ್ತರಿಸಿ ಎಣ್ಣ್ಯಾಗ ನೆನಸಿ ಸುತ್ತಿಟ್ಟೀನಿ.
ಅಳತಿ ಹಚ್ಚೂ ಮುಂದ ಕೈ ತಾನಾಗೇ ತಿರುಗಿತು,
ನನಗ ಯಾರೂ ಕಲಿಸಿರಲಿಲ್ಲ.

ಆದಿತ್ಯವಾರ ಸಭೆ ಮುಂದ ಸಾಕ್ಷಿ ಹೇಳು ಅಂದರು ಪಾಸ್ಟರು.
ಎದ್ದು ನಿಂತೆ. ಪೈಪು ಎಷ್ಟು ಫೂಟು, ರಾಡು ಎಷ್ಟು,
ನೂರು ಫೂಟಿನ ಕೆಳಗ ತುಕ್ಕು ಹೆಂಗ ತಿಂತದ —
ಮಗಳು ಜೆಮೀಮಾ ಸೆರಗಿನಾಗ ಮಾರಿ ಮುಚ್ಚಿಕೊಂಡಳು, ಅವರವ್ವನ ಸೆರಗು.
ಆಮ್ಯಾಲ ಸಮಾರ್ಯದ ಬಾವಿಯ ಪಾಠ ಓದಿದರು.
ನಲವತ್ತು ವರ್ಷ ಕೇಳೀನಿ, ಅವತ್ತೇ ಕಿವಿಗಿ ಬಿತ್ತು:
ಅವ ಮೊದಲು ಕೊಡಲಿಲ್ಲ.
ಬೇಡಿದ.
ದಣಿದಿದ್ದ, ಸೇದಾಕ ಕೊಡ ಸೈತ ಇರಲಿಲ್ಲ.

ನನ್ನ ಹತ್ರ ಇಪ್ಪತ್ಮೂರು ಕಿಲೋ ಅದ.

ಅವರ ಭಾಷಾದಾಗ ಒಂದೇ ಮಾತು ಕಲಿಸು ಅಂದೆ ಜೆಮೀಮಾಗ.
ಫೋನಿನಾಗ ಹುಡುಕಿದಳು: ನ್ಸಾಬಾ ಅಮಝ್ಝಿ.
ನೀರು ಬೇಡ್ತೀನಿ.
‘ಅಪ್ಪಾ, ಪ್ರಾರ್ಥನಿ ಮಾಡೂದಕ್ಕೂ ಅವರು ಇದೇ ಮಾತು ಅಂತಾರ.’
ರಾತ್ರಿ ಹಾಸಿಗ್ಯಾಗ ಮಲಗಿ ಅಂದೇ ಅಂದೆ,
ನಾಲಿಗಿ ತೊಡರಿ, ಮತ್ತ ಬಿಡಿಸಿ:
ನ್ಸಾಬಾ, ನ್ಸಾಬಾ.
‘ಏನದು?’ ನಿದ್ದಿಗಣ್ಣಾಗ ರತ್ನಶೀಲಾ.
‘ನೀರು ಬೇಡಾಕತ್ತೀನಿ.’
‘ಹರವಿ ಅಲ್ಲೇ ಅದ,’ ಮಗ್ಗಲಾದಳು,
‘ಎದ್ದು ಕುಡಿ.’